‘ನರ’ ಎಂಬ ಪದ ಮತ್ತು ಹಂಚಿಗೆ ತಾಗಿದ ಬೆರಳು

ಆತ್ಮೀಯ ಶಿಕ್ಷಕಿಯವರಿಗೆ ಶರಣು.

ಸೇಡಂನಿಂದ ನೀವು ಕಳುಹಿಸಿದ ‘ಮೆದುಳೆಂಬ ಮಹಾರಾಜ’ ಎಂಬ ಲೇಖನವನ್ನು ಮೂರು ಸಲ ಓದಿದೆ. ಮೆದುಳು, ಬೆನ್ನುಹುರಿ ಮತ್ತು ನರಗಳ ರಚನೆಯನ್ನು ಹತ್ತನೆಯ ತರಗತಿಯ ಮಕ್ಕಳಿಗೂ ಅವರ ಮನೆಯವರಿಗೂ ಅರ್ಥವಾಗುವಂತೆ ಎಂಟು ಪುಟಗಳಲ್ಲಿ ಹೇಳಬೇಕೆಂಬುದು ನಿಮ್ಮ ಉದ್ದೇಶ. ಭಾಷೆ ತಿಳಿಯಾಗಿದೆ. ವಯಸ್ಕರ ಮೆದುಳು ಸುಮಾರು 1.4 ಕೆ.ಜಿ. ತೂಗುತ್ತದೆ ಎಂಬುದೂ, ದೇಹದ ತೂಕದಲ್ಲಿ ಶೇ. 2ರಷ್ಟಿರುವ ಈ ಅಂಗ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟನ್ನು ತಾನೇ ಬಳಸುತ್ತದೆ ಎಂಬುದೂ ಸರಿಯಾಗಿವೆ. ಆದರೂ ಲೇಖನವನ್ನು ಈ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ಎರಡು ಜಾಗಗಳಲ್ಲಿ ನನಗೆ ಮುಂದೆ ಓದಲಾಗಲಿಲ್ಲ. ಆ ಎರಡರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಇದೇ ತಪ್ಪುಗಳು ನಮಗೆ ಬರುವ ಆರೋಗ್ಯ ಲೇಖನಗಳಲ್ಲಿ ಪದೇ ಪದೇ ಕಾಣುವುದರಿಂದ, ನಿಮ್ಮ ಒಪ್ಪಿಗೆ ಪಡೆದು ಈ ಉತ್ತರವನ್ನು ಇತರ ಬರಹಗಾರರಿಗೂ ತೋರಿಸುತ್ತಿದ್ದೇನೆ.

ಮೊದಲನೆಯದು ಮೂರನೆಯ ಪುಟದಲ್ಲಿದೆ. ನೀವು ಬರೆದಿರುವುದು ಹೀಗೆ: “ಸಿಟ್ಟು ನೆತ್ತಿಗೇರಿದಾಗ ಮೆದುಳಿನ ನರ ಒಡೆಯುತ್ತದೆ. ರಕ್ತ ಹರಿಯುವ ಆ ನರ ಬಲಹೀನವಾಗಿದ್ದರೆ ಲಕ್ವಾ ಹೊಡೆಯುತ್ತದೆ. ಕೈಕಾಲಿನ ನರಗಳು ಸತ್ತುಹೋಗುತ್ತವೆ.”

ಮೂರು ವಾಕ್ಯಗಳಲ್ಲಿ ‘ನರ’ ಎಂಬ ಪದ ಮೂರು ಸಲ ಬಂದಿದೆ, ಮೂರು ಸಲವೂ ತಪ್ಪು ಜಾಗದಲ್ಲಿ ಕುಳಿತಿದೆ. ಮೊದಲ ವಾಕ್ಯವನ್ನು ನೋಡಿ. ನರವೆಂದರೆ ಬಹಳ ತೆಳ್ಳಗಿನ ಎಳೆಗಳ ಕಟ್ಟು. ಒತ್ತಡ ಹೆಚ್ಚಾಗಿ ಒಡೆದುಹೋಗಲು ಅದು ಕೊಳವೆಯಲ್ಲ. ಒಡೆಯುವುದು ರಕ್ತನಾಳ. ಅದೂ ಎಲ್ಲರಲ್ಲಿ ಒಡೆಯುವುದಿಲ್ಲ; ಹೆಚ್ಚಿನವರಲ್ಲಿ ರಕ್ತ ಹೆಪ್ಪುಗಟ್ಟಿ ನಾಳದ ದಾರಿ ಮುಚ್ಚಿಹೋಗುತ್ತದೆ. ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಸೇರಿದ್ದೆಂದು ಬಿಟ್ಟುಬಿಡುವಂಥದ್ದಲ್ಲ, ಏಕೆಂದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಳ ಒಡೆದವರಿಗೆ ಕೊಟ್ಟರೆ ರಕ್ತಸ್ರಾವ ಇನ್ನಷ್ಟು ಹೆಚ್ಚುತ್ತದೆ; ಹಾಗಾಗಿಯೇ ವೈದ್ಯರು ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಎರಡನೆಯ ವಾಕ್ಯದಲ್ಲಿ ನರದೊಳಗೆ ರಕ್ತ ಹರಿಸಿದ್ದೀರಿ. ನರದ ಎಳೆಗಳಲ್ಲಿ ಸಾಗುವುದು ವಿದ್ಯುತ್ ಸ್ವರೂಪದ ಸಂಕೇತ. ರಕ್ತ ಸಾಗುವುದು ಧಮನಿ ಮತ್ತು ಸಿರೆಗಳಲ್ಲಿ.

ನನಗೆ ಹೆಚ್ಚು ನೋವಾದದ್ದು ಮೂರನೆಯ ವಾಕ್ಯದಿಂದ. ಲಕ್ವಾ ಹೊಡೆದವರ ಕೈಕಾಲಿನ ನರಗಳು ಸತ್ತಿರುವುದಿಲ್ಲ. ಬೆನ್ನುಹುರಿಯಿಂದ ಹೊರಟು ಬೆರಳ ತುದಿಯವರೆಗೂ ಹೋಗುವ ಆ ನರ ಇದ್ದ ಹಾಗೆಯೇ ಇರುತ್ತದೆ. ಸತ್ತಿರುವುದು ತಲೆಬುರುಡೆಯೊಳಗಿನ ನರಕೋಶಗಳು. ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡಾಗ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಲೆಕ್ಕ ಹಾಕಲಾಗಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇಂದು ಇರುವ ಸಾಮಾನ್ಯ ಗಡುವು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆ. ಚಿಂಚೋಳಿಯ ಒಳಹಳ್ಳಿಯಿಂದ ಕಲಬುರಗಿಯ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೈಯ ನರ ಸತ್ತಿದೆ ಎಂದು ಓದಿದವರು ಕೈಗೆ ಉಪಚಾರ ಮಾಡುತ್ತಾರೆ. ಆಗ ಮೆದುಳಿಗೆ ಸಲ್ಲಬೇಕಾದ ಆ ಗಂಟೆಗಳು ಎಣ್ಣೆ ಕಾಯಿಸುವುದರಲ್ಲಿ ಕಳೆದುಹೋಗುತ್ತವೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಿತ್ತಾಪುರದ ಕಡೆ ನನ್ನ ಸೋದರಮಾವ ತೊಗರಿ ರಾಶಿಯ ಕಣದಲ್ಲಿದ್ದಾಗ ಬಲಗೈಯಲ್ಲಿದ್ದ ಮೊರ ಜಾರಿ ಬಿತ್ತು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಸುತ್ತ ನಿಂತವರೆಲ್ಲ, “ನರ ಹಿಡ್ದಾವ, ಎಣ್ಣಿ ಹಚ್ಚಿ ತಿಕ್ಕಿದ್ರ ಸಡ್ಲ ಆಗ್ತಾವ” ಎಂದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಎರಡು ದಿನ ಸರದಿಯ ಮೇಲೆ ಕುಳಿತು ಬಲಗೈ ಬಲಗಾಲು ತಿಕ್ಕಿದರು, ನಾನೂ ತಿಕ್ಕಿದೆ. ಮೂರನೆಯ ದಿನ ಊರಿನಿಂದ ಕಲಬುರಗಿಗೆ ಕರೆತಂದಾಗ, ವೈದ್ಯರು ಸುತ್ತಿಗೆಯ ಹಿಡಿಯಿಂದ ಮಾವನ ಬಲ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರು. ಹೆಬ್ಬೆರಳು ಕೆಳಗೆ ಮಡಚುವ ಬದಲು ನಿಧಾನವಾಗಿ ಮೇಲೆದ್ದಿತು. “ತೊಂದರೆ ಕಾಲಿನಲ್ಲಿಲ್ಲ, ತಲೆಯ ಎಡಭಾಗದಲ್ಲಿದೆ” ಎಂದು ಅವರು ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಮೆದುಳಿನಿಂದ ಇಳಿಯುವ ಎಳೆಗಳಲ್ಲಿ ಹೆಚ್ಚಿನವು ಮೆದುಳು ಬೆನ್ನುಹುರಿಗೆ ಕೂಡುವ ಮೆಡುಲ್ಲಾ ಎಂಬ ಭಾಗದ ಕೆಳಗಡೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ ಎಂಬುದನ್ನು ನಾನು ಓದಿದ್ದು ಆಮೇಲೆ. ಮಾವ ಒಂಬತ್ತು ವರ್ಷ ಬದುಕಿದರು. ಅಷ್ಟೂ ವರ್ಷ ಅವರ ಬಾಯಲ್ಲಿ ಉಳಿದಿದ್ದು ‘ಹೂಂ’ ಎಂಬ ಒಂದೇ ಉತ್ತರ. ‘ಟಾನ್’ ಎಂಬ ಒಂದೇ ಶಬ್ದ ಹೇಳಬಲ್ಲವನಾಗಿದ್ದ ರೋಗಿಯ ಮೆದುಳನ್ನು 1861ರಲ್ಲಿ ಪರೀಕ್ಷಿಸಿದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ, ಮಾತಿನ ಜಾಗ ಎಡ ಮುಂಭಾಗದಲ್ಲಿದೆ ಎಂದು ತೋರಿಸಿದ ವಿಷಯವನ್ನು ನಿಮ್ಮ ಐದನೆಯ ಪುಟದಲ್ಲಿ ಓದಿದಾಗ ನನಗೆ ಮಾವನ ನೆನಪಾಯಿತು.

ನಮ್ಮ ಆಡುಮಾತಿನಲ್ಲಿ ‘ನರ’ಕ್ಕೆ ಹೊರೆ ಹೆಚ್ಚು ಎಂಬುದನ್ನು ಬಲ್ಲೆ. ಮುದುಕರ ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವುದೂ ನರ, ಕಾಲು ಹಿಡಿದುಕೊಂಡರೆ ‘ನರದ ಮೇಲೆ ನರ ಏರಿದೆ’, ಧೈರ್ಯವಿಲ್ಲದವನಿಗೆ ನರವಿಲ್ಲ. ತಮಿಳಿನ ‘ನರಂಬು’ ಇದರ ಸೋದರ ಪದ. ಅಲ್ಲಿಯೂ ಇದೇ ಹರಹು ಇದೆ. ಗ್ರೀಕರ ‘ನ್ಯೂರಾನ್’ ಎಂಬ ಪದಕ್ಕೂ ಮೊದಲು ಸ್ನಾಯುವಿನ ಹುರಿ ಎಂಬ ಅರ್ಥವೇ ಇತ್ತು, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವೈದ್ಯರಾದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ದೇಹವನ್ನು ಬಿಡಿಸಿ ನೋಡಿದ ಬಳಿಕವೇ ನರವನ್ನು ಬೇರೆಯಾಗಿ ಗುರುತಿಸಲಾಯಿತು. ಆದ್ದರಿಂದ ಜನರ ಮಾತನ್ನು ನಾನು ದೂರುವುದಿಲ್ಲ. ಬರೆಯಲು ಕುಳಿತವರು ರಕ್ತನಾಳ, ಸ್ನಾಯುವಿನ ಹುರಿ, ನರ ಈ ಮೂರನ್ನೂ ಬಿಡಿಸಿ ಇಡಬೇಕು ಎನ್ನುತ್ತೇನೆ.

ನಾನೂ ಇದನ್ನು ಬೈಸಿಕೊಂಡೇ ಕಲಿತೆ. ಊರಿನ ಹೆಸರು ಗುಲ್ಬರ್ಗ ಎಂದೇ ಅಚ್ಚಾಗುತ್ತಿದ್ದ ಕಾಲದಲ್ಲಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದೆ. ಅಲ್ಲಿಂದ ಹೊರಡುತ್ತಿದ್ದ ವಾರಪತ್ರಿಕೆಗೆ ಆರೋಗ್ಯದ ಬಗ್ಗೆ ಒಂದು ಪುಟ ಬರೆಯಲು ಅವಕಾಶ ಸಿಕ್ಕಾಗ, ‘ಮುಂಗೈಯ ನರಗಳಲ್ಲಿ ರಕ್ತ ಹರಿಯುವುದನ್ನು ನಾವು ಕಾಣಬಹುದು’ ಎಂದು ಬರೆದೆ. ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಹಿರಿಯ ಸಂಪಾದಕರು ಕರಡನ್ನು ಓದಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ಮಸಿ ಹತ್ತಿದ ನನ್ನ ಬಲಗೈಯನ್ನು ಮೇಜಿನ ಮೇಲೆ ಇಡಿಸಿದರು. ಹಿಂಗೈಯ ನೀಲಿ ಗೆರೆಯನ್ನು ಒತ್ತಿ ಬಿಟ್ಟು, ಅದು ಮತ್ತೆ ತುಂಬಿಕೊಳ್ಳುವುದನ್ನು ತೋರಿಸಿ, “ಇದು ಸಿರೆ” ಎಂದರು. ಮುಷ್ಟಿ ಬಿಗಿದು ಮಣಿಕಟ್ಟನ್ನು ಸ್ವಲ್ಪ ಬಾಗಿಸಲು ಹೇಳಿದರು. ಹಗ್ಗದಂತೆ ಎದ್ದು ನಿಂತಿದ್ದನ್ನು ಬೆರಳಿನಿಂದ ಮೀಟಿ, “ಇದು ಸ್ನಾಯುರಜ್ಜು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ” ಎಂದರು. ಬಳಿಕ ಮೊಣಕೈಯನ್ನು ಮಡಚಿಸಿ, ಒಳಬದಿಯ ಎಲುಬಿನ ಉಬ್ಬಿನ ಹಿಂದಿರುವ ತಗ್ಗಿನಲ್ಲಿ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದರು. ಕಿರುಬೆರಳಿಗೂ ಅದರ ಪಕ್ಕದ ಉಂಗುರ ಬೆರಳಿನ ಅರ್ಧಕ್ಕೂ ಕರೆಂಟ್ ಹೊಡೆದಂತಾಯಿತು. “ನರ ಅಂದರೆ ಇದು. ಕಣ್ಣಿಗೆ ಕಾಣಲಿಲ್ಲ, ಆದರೆ ಸುದ್ದಿ ಮುಟ್ಟಿಸಿತು” ಎಂದು ಹೇಳಿ, ಪುಟವನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಜೋಡಿಸಲು ಹೇಳಿದರು. ಅಂದು ರಾತ್ರಿ ಹನ್ನೊಂದರವರೆಗೂ ಮೊಳೆಗಾರರ ಜೊತೆ ನಿಂತಿದ್ದೆ. ನಿಮ್ಮ ಮಕ್ಕಳಿಗೆ ಈ ಮೂರು ಪರೀಕ್ಷೆಗಳನ್ನು ತರಗತಿಯಲ್ಲೇ ಮಾಡಿಸಬಹುದು, ಲೇಖನದಲ್ಲಿಯೂ ಬರೆಯಬಹುದು.

ಎರಡನೆಯ ಜಾಗ ಆರನೆಯ ಪುಟ: “ಬಿಸಿ ಹಂಚಿಗೆ ಬೆರಳು ತಾಗಿದೊಡನೆ ಸುದ್ದಿ ಮೆದುಳಿಗೆ ಹೋಗುತ್ತದೆ. ಮೆದುಳು ‘ಕೈ ತೆಗೆ’ ಎಂದು ಆಜ್ಞೆ ಮಾಡುತ್ತದೆ. ಬೆನ್ನುಹುರಿ ಸೇವಕನಂತೆ ಆ ಆಜ್ಞೆಯನ್ನು ಕೈಗೆ ಮುಟ್ಟಿಸುತ್ತದೆ.”

ರೊಟ್ಟಿಯ ಹಂಚನ್ನು ತಂದಿದ್ದೀರಿ, ಇದು ನಮ್ಮ ನಾಡಿನ ಓದುಗರಿಗೆ ಹತ್ತಿರದ ಉದಾಹರಣೆ. ಆದರೆ ನಡೆಯುವುದು ನೀವು ಹೇಳಿದ ಹಾಗಲ್ಲ. ಬೆರಳಿನಿಂದ ಹೊರಟ ಸಂಕೇತ ಸಂವೇದಕ ನರದ ಎಳೆಯಲ್ಲಿ ತೋಳನ್ನು ಹತ್ತಿ, ಕುತ್ತಿಗೆಯ ಮಟ್ಟದಲ್ಲಿ ಹಿಂಬದಿಯಿಂದ ಬೆನ್ನುಹುರಿಯನ್ನು ಸೇರುತ್ತದೆ. ಬೆನ್ನುಹುರಿ ಸುಮಾರು 45 ಸೆಂ.ಮೀ. ಉದ್ದದ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದ ಅಂಗ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಅದನ್ನು ಅಡ್ಡಲಾಗಿ ಕೊಯ್ದರೆ ನಡುವೆ ಚಿಟ್ಟೆಯ ರೆಕ್ಕೆಯಂತೆ ಬೂದು ಬಣ್ಣದ ಭಾಗ ಕಾಣುತ್ತದೆ. ಮೆದುಳಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕದಲ್ಲಿ ಹೊರಪದರವಾಗಿ ಹರಡಿರುವ ನರಕೋಶಗಳ ಬೂದು ದ್ರವ್ಯ ಇಲ್ಲಿ ಒಳಗಿದೆ. ಹಂಚಿನ ಸುದ್ದಿ ಆ ರೆಕ್ಕೆಯ ಹಿಂತುದಿಯಲ್ಲಿ ಒಳಬಂದು, ನಡುವಿನ ಕೋಶಗಳನ್ನು ದಾಟಿ, ಮುಂತುದಿಯ ಪ್ರೇರಕ ಕೋಶಗಳಿಗೆ ಮುಟ್ಟುತ್ತದೆ. ಅಲ್ಲಿಂದಲೇ ತೋಳಿನ ಸ್ನಾಯುವಿಗೆ ಸಂಕೇತ ಹೋಗಿ ಕೈ ಹಿಂದಕ್ಕೆ ಬರುತ್ತದೆ. ನಿಮ್ಮ ಪಠ್ಯಪುಸ್ತಕದಲ್ಲಿ ಪರಾವರ್ತಿತ ಕ್ರಿಯೆ ಎಂದಿರುವುದು ಇದೇ. ಮೆದುಳಿಗೂ ಸುದ್ದಿ ಹೋಗುತ್ತದೆ, ಆದರೆ ನೋವಿನ ಅರಿವಾಗುವ ಹೊತ್ತಿಗೆ ಕೈ ಆಗಲೇ ಹಿಂದೆ ಸರಿಯತೊಡಗಿರುತ್ತದೆ.

ಮುಂದಿನ ಸಲ ಬೆರಳು ಸುಟ್ಟಾಗ ಗಮನಿಸಿ. ಮೊದಲು ಚುರ್ ಎನ್ನುತ್ತದೆ. ಕೈ ಹಿಂದೆ ಬಂದಾದ ಮೇಲೆ, ಒಂದು ಕ್ಷಣ ಬಿಟ್ಟು, ಉರಿ ಏರುತ್ತದೆ. ಇವು ಎರಡು ಬೇರೆ ಬೇರೆ ಎಳೆಗಳಲ್ಲಿ ಬರುವ ಸುದ್ದಿಗಳು. ಚುರ್ ಎಂಬುದು ಮಯಲಿನ್ ಎಂಬ ಕೊಬ್ಬಿನಂಥ ವಸ್ತುವಿನ ತೆಳುವಾದ ಕವಚವಿರುವ ಎಳೆಗಳಲ್ಲಿ ಬೇಗ ಬರುತ್ತದೆ. ಉರಿಯನ್ನು ತರುವ ಎಳೆಗಳಿಗೆ ಆ ಕವಚವಿಲ್ಲ, ಅವುಗಳ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್.

ಈಗ ನಿಮ್ಮ ತಾಯಿಯವರೋ ಅತ್ತೆಯವರೋ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಮಾಡುವುದನ್ನು ನೆನೆಯಿರಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅಂಚನ್ನು ಬೆರಳಿನಿಂದಲೇ ಎತ್ತಿ ಮಗುಚುತ್ತಾರೆ. ಬೆರಳ ತುದಿಯ ಚರ್ಮ ಗಟ್ಟಿಯಾಗಿರುವುದು ಇದಕ್ಕೆ ಒಂದು ಕಾರಣ. ಆದರೆ ಕುದಿಯುವ ಬೇಳೆಯ ಪಾತ್ರೆ ಹಿಡಿದು ನಡೆಯುವಾಗ ಅರಿವೆ ಜಾರಿ ಕೈ ಸುಟ್ಟರೂ, ಕಾಲ ಬಳಿ ಕೂಸು ಆಡುತ್ತಿದೆ ಎಂಬ ಕಾರಣಕ್ಕೆ ಪಾತ್ರೆಯನ್ನು ಕೈಬಿಡದೆ ಕಟ್ಟೆಯ ಮೇಲೆ ಇಟ್ಟೇ ಉಸಿರು ಬಿಡುವ ಹೆಂಗಸರನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಕೆಲಸ ಮಾಡಿದ್ದು ಮೆದುಳು. ಕೈಯನ್ನು ಹಿಂದೆಗೆಯಲು ಬೆನ್ನುಹುರಿ ಸಿದ್ಧವಾಗಿದ್ದಾಗ ಮೇಲಿನಿಂದ ಇಳಿದ ಸಂಕೇತಗಳು ಅದನ್ನು ತಡೆದು ಹಿಡಿದವು. ನೀವು ಮೆದುಳಿಗೆ ಆಜ್ಞೆಯ ಕೆಲಸ ಕೊಟ್ಟ ಜಾಗದಲ್ಲಿ ಅದು ಮಾಡುವುದು ತಡೆಯುವ ಕೆಲಸ.

ನನ್ನ ಮಾವನ ಅಂಗಾಲಿಗೆ ಮತ್ತೆ ಬರುತ್ತೇನೆ, ಏಕೆಂದರೆ ನಿಮ್ಮ ಎರಡು ತಪ್ಪುಗಳೂ ಸೇರುವುದು ಅಲ್ಲಿಯೇ. ಕೂಸಿನ ಅಂಗಾಲನ್ನು ಗೀರಿದರೆ ಹೆಬ್ಬೆರಳು ಮೇಲೇಳುತ್ತದೆ, ಏಕೆಂದರೆ ಮೆದುಳಿನಿಂದ ಇಳಿಯುವ ಎಳೆಗಳಿಗೆ ಮಯಲಿನ್ ಕವಚ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬೆಳೆಯುತ್ತ ಆ ಎಳೆಗಳು ಬಲಿತಂತೆ ಬೆರಳು ಕೆಳಗೆ ಮಡಚತೊಡಗುತ್ತದೆ. ವಯಸ್ಕರಲ್ಲಿ ಅದು ಮತ್ತೆ ಮೇಲೆದ್ದರೆ ಮೇಲಿನ ದಾರಿ ಕೆಟ್ಟಿದೆ ಎಂದು ಅರ್ಥ. 1896ರಲ್ಲಿ ಫ್ರೆಂಚ್ ನರವೈದ್ಯ ಜೋಸೆಫ್ ಬಾಬಿನ್‌ಸ್ಕಿ ವಿವರಿಸಿದ ಈ ಗುರುತನ್ನು ವೈದ್ಯರು ಇಂದಿಗೂ ನೋಡುತ್ತಾರೆ. ಮಾವನ ಕಾಲಿನ ನರ ಸತ್ತಿದ್ದರೆ ಬೆರಳು ಅಲುಗುತ್ತಲೇ ಇರಲಿಲ್ಲ. ಬೆನ್ನುಹುರಿ ಬರೀ ಸೇವಕನಾಗಿದ್ದರೂ ಅದು ಮೇಲೇಳುತ್ತಿರಲಿಲ್ಲ.

‘ಮಹಾರಾಜ’ ಎಂಬ ಶೀರ್ಷಿಕೆಯನ್ನು ತೆಗೆಯಿರಿ. ಆ ಹೋಲಿಕೆಯನ್ನು ಉಳಿಸಿಕೊಳ್ಳಲು ಹೋದದ್ದರಿಂದಲೇ ಆರನೆಯ ಪುಟದಲ್ಲಿ ಬೆನ್ನುಹುರಿ ಸೇವಕನಾಗಿದೆ ಎಂಬುದು ನನ್ನ ಅನಿಸಿಕೆ. ಮೂರನೆಯ ಪುಟದಲ್ಲಿ ಲಕ್ವಾ ಎಂಬ ಪದ ಹಾಗೆಯೇ ಇರಲಿ. ನಮ್ಮ ಜನ ‘ಪಾರ್ಶ್ವವಾಯು’ ಎಂದು ಆಡುವುದಿಲ್ಲ. ಆದರೆ ಅದರ ಕೆಳಗೆ ಬಾಯಿ ಸೊಟ್ಟಗಾಗುವುದು, ಒಂದು ತೋಳು ಎತ್ತಲಾಗದಿರುವುದು, ಮಾತು ತೊದಲುವುದು ಎಂಬ ಮೂರು ಲಕ್ಷಣಗಳನ್ನೂ ನಾಲ್ಕೂವರೆ ಗಂಟೆಯ ಗಡುವನ್ನೂ ಸೇರಿಸಿ. ಹಂಚಿನ ಪ್ಯಾರಾವನ್ನು ಬಿಡಬೇಡಿ, ತಿದ್ದಿ ಎರಡರಷ್ಟು ಉದ್ದ ಮಾಡಿ. ಬೆನ್ನುಹುರಿಯ ಅಡ್ಡ ಕೊಯ್ತದ ಚಿತ್ರವನ್ನು ನಿಮ್ಮ ವಿದ್ಯಾರ್ಥಿಯೊಬ್ಬರಿಂದ ಕಪ್ಪು ಮಸಿಯಲ್ಲಿ ಬರೆಸಿ ಕಳುಹಿಸಿ, ಅವರ ಹೆಸರಿನೊಂದಿಗೇ ಅಚ್ಚು ಹಾಕುತ್ತೇವೆ. ತಿದ್ದಿದ ಪ್ರತಿ ಈ ತಿಂಗಳ 20ರೊಳಗೆ ಕೈಸೇರಿದರೆ ಮುಂದಿನ ಸಂಚಿಕೆಯಲ್ಲಿ ಎಂಟು ಪುಟಗಳನ್ನು ಅದಕ್ಕಾಗಿ ಕಾದಿರಿಸುತ್ತೇನೆ.

ಇತಿ,
ಸಂಪಾದಕ, ಕಲಬುರಗಿ