ತೂಕದ ಹೊತ್ತಿನಲ್ಲಿ ಪೆನ್ನು ನೋಡುವವರು

“ಮೇಡಂ, ಇದರಲ್ಲಿ ಕೋಡಿಂಗ್ ಕಡಿಮೆ ಇರುತ್ತದೆ.”

ಮಾಹಿತಿ ವ್ಯವಸ್ಥೆ ಮತ್ತು ತಂತ್ರಜ್ಞಾನ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದು ನನ್ನ ಬಳಿ ಬರುವ ಮಕ್ಕಳು ಬಹುಪಾಲು ಈ ಮಾತಿನಿಂದಲೇ ಶುರು ಮಾಡುತ್ತಾರೆ. ಮಡಿಕೇರಿಯಲ್ಲಿ ಆಪ್ತಸಲಹೆಗೆ ಕುಳಿತು ಹಲವು ವರ್ಷಗಳಾದವು. ಮೊದಲೆಲ್ಲ ವರ್ಷಕ್ಕೆ ಒಬ್ಬರೋ ಇಬ್ಬರೋ ಈ ವಿಷಯ ಎತ್ತುತ್ತಿದ್ದರು. 2024ರಲ್ಲಿ ನಮ್ಮ ಕಡೆ ಬೆಳೆಯುವ ರೊಬಸ್ಟಾ ಕಾಫಿಯ ದರ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಇಂಥವರು ಮೇಲಿಂದ ಮೇಲೆ ಬರುತ್ತಿದ್ದಾರೆ. ಮನೆಯಲ್ಲಿ ಕೈ ಸ್ವಲ್ಪ ಸಡಿಲವಾದಾಗ ಮಕ್ಕಳ ಓದು ನೆನಪಾಗುವುದು ಒಳ್ಳೆಯದೇ. ಆದರೆ ಬೇಡವಾದದ್ದರಿಂದ ತಪ್ಪಿಸಿಕೊಳ್ಳಲು ಒಂದು ವಿಷಯವನ್ನು ಆರಿಸಿಕೊಳ್ಳುವವರ ಬಗ್ಗೆ ನನಗೆ ಭಯವಿದೆ. ಆ ಭಯವೇ ಈ ಪ್ರಕರಣವನ್ನು ಬರೆಯಿಸುತ್ತಿದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ತಂದೆ, ಮಗಳು ಇಬ್ಬರ ಒಪ್ಪಿಗೆಯೂ ಇದೆ.

ಹುಡುಗಿಗೆ ಇಪ್ಪತ್ತೈದು ವರ್ಷ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಕೆಲಸ; ಬೇರೆಯವರು ಬರೆದ ತಂತ್ರಾಂಶ ಕೆಟ್ಟಾಗ ಬರುವ ದೂರುಗಳನ್ನು ಸರಿಪಡಿಸುವುದು. ತಂದೆ ಸಿದ್ದಾಪುರದ ಕಡೆಯ ದೊಡ್ಡ ತೋಟವೊಂದರಲ್ಲಿ ರೈಟರ್, ಎಂದರೆ ಕೆಲಸಗಾರರ ಲೆಕ್ಕ ಬರೆಯುವವರು. ಮನೆಗೆ ಎರಡು ಎಕರೆ ಕಾಫಿ ಇದೆ, ತಂದೆಯ ಭವಿಷ್ಯನಿಧಿ ಇದೆ, ಅಷ್ಟೇ. ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಜನವರಿಯ ಪ್ರವೇಶಕ್ಕೆ ಪತ್ರ ಬಂದಿತ್ತು. ಎರಡು ವರ್ಷಕ್ಕೆ ಒಟ್ಟು 40 ಲಕ್ಷದ ಹತ್ತಿರ ಖರ್ಚು. ಸೀಟು ಹಿಡಿದಿಡಲು ಕಟ್ಟಬೇಕಾದ, ವಾಪಸು ಬಾರದ ಮೊತ್ತಕ್ಕೆ ಹನ್ನೊಂದು ದಿನದ ಗಡುವು. ಮಧ್ಯವರ್ತಿ ಸಂಸ್ಥೆಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಅವಳು ನನ್ನಲ್ಲಿಗೆ ಬಂದದ್ದು ಓದಿನ ಬಗ್ಗೆ ಕೇಳಲು ಅಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ತಾಯಿ ಕಳುಹಿಸಿದ್ದರು.

ಮೊದಲ ಎರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಈ ವಿಷಯವೇ ಯಾಕೆ ಎಂದು ಕೇಳಿದರೆ ಕೋಡಿಂಗ್ ಕಡಿಮೆ, ಮ್ಯಾನೇಜರ್ ಆಗಬಹುದು, ಗೆಳತಿಯೂ ಅದನ್ನೇ ಮಾಡಿದ್ದಾಳೆ ಎಂಬ ಉತ್ತರಗಳು ಬಂದವು. ಬಾಯಿಪಾಠ ಒಪ್ಪಿಸುವ ದನಿ. ಎರಡನೆಯ ಭೇಟಿಯ ಕೊನೆಗೆ, ಎದ್ದು ನಿಂತ ಮೇಲೆ, ಒಂದು ಮಾತು ಹೇಳಿದಳು. ಹಿಂದಿನ ವರ್ಷದ ಕೊಯ್ಲಿನ ಸಮಯದಲ್ಲಿ ಅಪ್ಪನಿಗಾಗಿ ಮೊಬೈಲಿನಲ್ಲಿ ತೂಕ ಬರೆಯುವ ಒಂದು ಆ್ಯಪ್ ಮಾಡಿಕೊಟ್ಟಿದ್ದಳಂತೆ. ಅಪ್ಪ ಒಂಬತ್ತು ದಿನ ಬಳಸಿ ಬಿಟ್ಟರಂತೆ. “ಅಪ್ಪನಿಗೆ ಮೊಬೈಲ್ ಎಂದರೆ ಹೆದರಿಕೆ. ನಾನು ಮಾಡಿದ್ದೂ ಅಷ್ಟು ಚೆನ್ನಾಗಿರಲಿಲ್ಲ. ಅದಕ್ಕೇ ಹೇಳಿದ್ದು ಮೇಡಂ, ಕೋಡಿಂಗ್ ನನಗೆ ಒಗ್ಗುವುದಿಲ್ಲ.”

ಮುಂದಿನ ಸಲ ತಂದೆಯನ್ನೂ ಕರೆದುಕೊಂಡು ಬರಲು ಹೇಳಿದೆ.

ಅವರು ಬಂದರು. ಅಂದು ಮಳೆ ಬಿಟ್ಟಿರಲಿಲ್ಲ. ಕೊಡೆಯನ್ನು ಹೊರಗೇ ಮಡಚಿಟ್ಟು, ಒದ್ದೆಯಾದ ಕಾಲನ್ನು ಎರಡೆರಡು ಸಲ ಒರೆಸಿಕೊಂಡು, ಕುರ್ಚಿಯ ಅಂಚಿನಲ್ಲಿ ಕುಳಿತರು. ಅಂಗಿಯ ಜೇಬಿನಲ್ಲಿ ಒಂದು ನೀಲಿ, ಒಂದು ಕೆಂಪು ಪೆನ್ನು. ಸಾಲ, ವೀಸಾ, ಗಡುವು ಇವುಗಳ ಮಾತಿಗೆಲ್ಲ “ಅವಳ ಇಷ್ಟ” ಎಂದಷ್ಟೇ ಉತ್ತರ. ನಾನು ಆ ಒಂಬತ್ತು ದಿನದ ಬಗ್ಗೆ ಕೇಳಿದೆ. ಮೊಬೈಲ್ ಕಷ್ಟವಾಯಿತೇ?

“ಮೊಬೈಲ್ ಏನೂ ಕಷ್ಟವಿಲ್ಲ ಮೇಡಂ. ಸಂಜೆ ತೂಕ ಹಾಕುವಾಗ ಅವರು ನನ್ನ ಪೆನ್ನು ನೋಡುತ್ತಾರೆ.”

ಯಾರು ಎಂದು ಕೇಳಿದೆ. ಅಲ್ಲಿಂದ ಮುಂದೆ ಅವರು ಸುಮಾರು ಅರ್ಧ ಗಂಟೆ ಮಾತನಾಡಿದರು. ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತನಾಡಿದ್ದನ್ನು ತಾನು ಕಂಡಿರಲಿಲ್ಲ ಎಂದು ಮಗಳು ಆಮೇಲೆ ಹೇಳಿದಳು.

ರೊಬಸ್ಟಾ ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದ್ದು. ಸಂಜೆ ಗೋಣಿಚೀಲಗಳನ್ನು ರಸ್ತೆ ಬದಿಗೆ ತಂದು ಒಂದೊಂದಾಗಿ ತಕ್ಕಡಿಗೆ ತೂಗುಹಾಕುತ್ತಾರೆ. ರೈಟರ್ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿ ಪುಸ್ತಕದಲ್ಲಿ ಬರೆಯುತ್ತಾರೆ. ಸುತ್ತ ನಿಂತವರಲ್ಲಿ ಕೆಲವರು ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹಳಬರು, ಹಲವರು ಅಸ್ಸಾಮಿನಿಂದ ಬಂದವರು. ಕನ್ನಡ ಓದಲು ಬಾರದಿದ್ದರೂ ಅಂಕಿ ಎಲ್ಲರಿಗೂ ಗೊತ್ತು. ಪೆನ್ನು ನಾಲ್ಕು ಬರೆಯಿತೋ ಒಂಬತ್ತು ಬರೆಯಿತೋ ಎಂಬುದು ಕೈ ತಿರುಗುವುದರಲ್ಲೇ ಅವರಿಗೆ ತಿಳಿಯುತ್ತದೆ. “ಮೊಬೈಲಿನಲ್ಲಿ ನನ್ನ ಹೆಬ್ಬೆರಳು ಮಾತ್ರ ಆಡುತ್ತದೆ. ಅವರು ಏನನ್ನು ನೋಡಬೇಕು? ಮೂರನೆಯ ದಿನ ಒಬ್ಬ ನನ್ನ ಹಿಂದೆ ಬಂದು ನಿಂತ. ಇಷ್ಟು ವರ್ಷದಲ್ಲಿ ಯಾರೂ ನನ್ನ ಹಿಂದೆ ಬಂದು ನಿಂತಿರಲಿಲ್ಲ.”

ಮತ್ತೂ ಇತ್ತು. ಗಂಡ ಹೆಂಡತಿ ಸೇರಿ ಕೊಯ್ದರೆ ಚೀಲ ಒಂದೇ, ಹೆಸರು ಎರಡು. ಯಾರಿಗೆ ಎಷ್ಟು ಬರೆಯಬೇಕೆಂದು ಹೆಂಡತಿಯನ್ನು ಕೇಳಿ ಅವರು ಬರೆಯುತ್ತಿದ್ದರು. ಕುಡಿಯುವ ಗಂಡನ ಹೆಸರಿಗೆ ಪೂರ್ತಿ ಬರೆದರೆ ಶನಿವಾರದ ಕೂಲಿ ಮನೆಗೆ ತಲುಪುವುದಿಲ್ಲ. ಆ್ಯಪ್ ಒಂದು ಚೀಲಕ್ಕೆ ಒಂದೇ ಹೆಸರು ಕೇಳುತ್ತಿತ್ತು. ಅರ್ಧ ಕಿಲೋ ಆಚೀಚೆ ಬಂದರೆ ಅವರು ಕೊಯ್ದವರ ಕಡೆಗೆ ಹಾಕುತ್ತಿದ್ದರು. ಅದು ತೋಟದ ಮಾಲೀಕರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಆ್ಯಪ್‌ನಲ್ಲಿ 46.4 ಎಂದರೆ 46.4.

ಮಗಳು ಮೊದಲು ನೆಲ ನೋಡುತ್ತಿದ್ದಳು. ನಂತರ ಚೀಲದಿಂದ ಪುಸ್ತಕ ತೆಗೆದಳು. “ಅಪ್ಪ, ಮಕ್ಕಳು ಜೊತೆಯಲ್ಲಿ ಬಂದರೆ ಏನು ಮಾಡುತ್ತೀರಿ? ಮಳೆಯಲ್ಲಿ ಒದ್ದೆಯಾದ ಹಣ್ಣಿನ ತೂಕ?” ಒಂದಾದ ಮೇಲೊಂದು ಪ್ರಶ್ನೆ. ನೆಟ್‌ವರ್ಕ್ ಇಲ್ಲದ ಕಡೆಯೂ ಆ್ಯಪ್ ನಡೆಯಲಿ ಎಂದು ಅವಳು ವಾರಗಟ್ಟಲೆ ಒದ್ದಾಡಿದ್ದಳು. ಈ ಪ್ರಶ್ನೆಗಳಲ್ಲಿ ಒಂದನ್ನೂ ಆಗ ಕೇಳಿರಲಿಲ್ಲ. ನಾನು ಆ ಹೊತ್ತು ಏನೂ ಮಾಡಲಿಲ್ಲ, ಸುಮ್ಮನೆ ಕುಳಿತಿದ್ದೆ. ಮೂರು ಭೇಟಿಗಳಲ್ಲಿ ಮೊದಲ ಬಾರಿಗೆ ಆ ಹುಡುಗಿಯ ಮುಖದಲ್ಲಿ ಜೀವ ಕಂಡಿತು.

ಆಗ ಅವಳಿಗೆ ಹೇಳಿದೆ: “ನೀನು ಓದಬೇಕೆಂದಿರುವ ವಿಷಯ ಇದೇ. ಈ ಅರ್ಧ ಗಂಟೆ ನಿಮ್ಮ ಅಪ್ಪ ಅದನ್ನೇ ಹೇಳಿದರು.”

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದಾಗ ಓದಿದ ಒಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗಿಲ್ಲ. 1951ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಪ್ರಕಟಿಸಿದ್ದು. ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವರು. ಹೊಸ ಯಂತ್ರ ಬಂದರೂ ನಿರೀಕ್ಷಿಸಿದಷ್ಟು ಕಲ್ಲಿದ್ದಲು ಬರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಕತ್ತಲಲ್ಲಿ ಒಬ್ಬರನ್ನೊಬ್ಬರು ನಂಬಿ ದುಡಿಯುತ್ತಿದ್ದ ಸಣ್ಣ ಸಣ್ಣ ಗುಂಪುಗಳನ್ನು ಹೊಸ ಪದ್ಧತಿ ಒಡೆದುಹಾಕಿತ್ತು. ಮಾಹಿತಿ ವ್ಯವಸ್ಥೆಗಳ ಅಧ್ಯಯನದ ಒಂದು ಮುಖ್ಯ ಬೇರು ಅಲ್ಲಿದೆ. 1989ರಲ್ಲಿ ಫ್ರೆಡ್ ಡೇವಿಸ್ ಪ್ರಕಟಿಸಿದ, ಇಂದಿಗೂ ಆ ತರಗತಿಗಳಲ್ಲಿ ಕಲಿಸುವ ಮಾದರಿ ಎರಡು ಪ್ರಶ್ನೆ ಕೇಳುತ್ತದೆ: ಈ ಸಾಧನ ತನಗೆ ಉಪಯೋಗ ಎಂದು ಬಳಸುವವನಿಗೆ ಅನ್ನಿಸುತ್ತದೆಯೇ, ಬಳಸುವುದು ಸುಲಭ ಅನ್ನಿಸುತ್ತದೆಯೇ? ನಮ್ಮ ರೈಟರ್‌ಗೆ ಅದು ಸುಲಭವಾಗಿಯೇ ಇತ್ತು. ಸುತ್ತ ನಿಂತ ನಲವತ್ತು ಜನರ ನಂಬಿಕೆಯನ್ನು ಉಳಿಸಲು ಅದು ಉಪಯೋಗಕ್ಕೆ ಬರಲಿಲ್ಲ. ಜನ ಒಂದು ವ್ಯವಸ್ಥೆಯನ್ನು ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಎಂಬ ಕುತೂಹಲ ಇಲ್ಲದೆ ಹೋದವರಿಗೆ ಈ ಓದು ಸಪ್ಪೆ. ಕೋಡಿಂಗ್ ಕಡಿಮೆ ಎಂದು ಹೋದವರಿಗೆ ಅಲ್ಲಿ ದತ್ತಾಂಶಕೋಶವೂ ಪ್ರೋಗ್ರಾಮಿಂಗೂ ಎದುರಾಗುತ್ತವೆ, ಜೊತೆಗೆ ಲೆಕ್ಕಪತ್ರ ಮತ್ತು ಸಂಖ್ಯಾಶಾಸ್ತ್ರ. ಓಡಿಹೋಗಲು ಅದು ಜಾಗವಲ್ಲ.

ಇನ್ನು ನಾನು ಕೊಟ್ಟ ಸಲಹೆ. ಜನವರಿಯ ಸೀಟನ್ನು ಬಿಡು ಎಂದು ನೇರವಾಗಿಯೇ ಹೇಳಿದೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಇದು ಸರಿ ಎನಿಸಲಿಲ್ಲ. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ಜೊತೆಗಿರಬೇಕು ಎಂದರು. ನನಗೂ ಅದನ್ನೇ ಕಲಿಸಿದ್ದು, ನಾನೂ ಸಾಮಾನ್ಯವಾಗಿ ಅದನ್ನೇ ಪಾಲಿಸುತ್ತೇನೆ. ಆದರೆ ಮಧ್ಯವರ್ತಿ ದಿನಕ್ಕೆರಡು ಸಲ ಒಂದೇ ದಿಕ್ಕಿಗೆ ತಳ್ಳುತ್ತಿರುವಾಗ, ನಾಲ್ಕೇ ದಿನ ಉಳಿದಿರುವಾಗ, ನಾನು ಬಾಯಿ ಮುಚ್ಚಿ ಕೂರುವುದು ತಟಸ್ಥತೆಯಲ್ಲ. ತಳ್ಳುವವರಿಗೆ ಅದು ಸಹಾಯ. ಅವಳ ಮುಂದೆ ಎರಡನೆಯ ದನಿ ಒಂದಾದರೂ ಇರಬೇಕಿತ್ತು.

ಹಣದ ಲೆಕ್ಕವೂ ನನ್ನನ್ನು ಗಟ್ಟಿ ಮಾಡಿತು. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎನ್ನುವುದನ್ನು ಮನೆಯವರು ಬಡ್ಡಿಯೇ ಇಲ್ಲವೆಂದು ತಿಳಿದಿದ್ದರು. ಬಡ್ಡಿ ಮೊದಲ ದಿನದಿಂದ ಬೆಳೆಯುತ್ತದೆ. ಅಮೆರಿಕದಲ್ಲಿ ಓದು ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ 12 ತಿಂಗಳು ಕೆಲಸದ ಅನುಮತಿ ಸಿಗುತ್ತದೆ. ವಿಜ್ಞಾನ ತಂತ್ರಜ್ಞಾನದ ಕೋರ್ಸುಗಳೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿದವುಗಳಿಗೆ ಮಾತ್ರ ಇನ್ನೂ 24 ತಿಂಗಳು. ಹೆಸರು ಒಂದೇ ಇದ್ದರೂ ವ್ಯವಹಾರ ನಿರ್ವಹಣಾ ವಿಭಾಗದ ಕೋರ್ಸಿಗೂ ಮಾಹಿತಿ ವಿಜ್ಞಾನ ವಿಭಾಗದ ಕೋರ್ಸಿಗೂ ಸರ್ಕಾರಿ ಸಂಕೇತ ಸಂಖ್ಯೆ ಬೇರೆ ಇರಬಹುದು. ಅವಳ ಕೋರ್ಸಿನ ಸಂಕೇತ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. 40 ಲಕ್ಷದ ಸಾಲ ತೀರುವುದೇ ಆ ಒಂದು ಸಂಖ್ಯೆಯ ಮೇಲೆ ನಿಂತಿತ್ತು. ಮಧ್ಯವರ್ತಿಯವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಒಂದು ಮಿಂಚಂಚೆ ಬರೆದರೆ ಉತ್ತರ ಬರುತ್ತದೆ. ದಯವಿಟ್ಟು ಬರೆದು ಕೇಳಿ.

ಕಾಫಿಗೆ ಬೆಲೆ ಇದೆಯಲ್ಲ, ಸಾಲ ತೀರುತ್ತದೆ ಎಂದು ತಾಯಿ ಹೇಳಿದ್ದರು. 2001, 2002ರ ಸುಮಾರಿಗೆ ದರ ಬಿದ್ದು ಕಣದಲ್ಲಿ ಒಣಗಿದ ಕಾಫಿಯನ್ನು ಕೇಳುವವರಿಲ್ಲದೆ ಎಷ್ಟು ಮನೆಗಳ ಮಕ್ಕಳು ಕಾಲೇಜು ಬಿಟ್ಟರೆಂಬುದನ್ನು ಕಣ್ಣಾರೆ ಕಂಡವಳು ನಾನು. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜರಿದು ತೋಟಗಳು ಕೊಚ್ಚಿಹೋದದ್ದನ್ನೂ ಕಂಡಿದ್ದೇನೆ. ಒಂದೆರಡು ವರ್ಷದ ದರವನ್ನು ನಂಬಿ ಹತ್ತಾರು ವರ್ಷದ ಸಾಲ ಮಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಒಬ್ಬ ಮನುಷ್ಯ ತಕ್ಕಡಿಯ ಪಕ್ಕ ನಿಂತು ಕೂಡಿಸಿದ ಭವಿಷ್ಯನಿಧಿ ಅವರ ಮುಪ್ಪಿಗೆ ಉಳಿಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಅವರಿಬ್ಬರ ಎದುರಿಗೇ ಹೇಳಿದೆ.

ಓದು ಬೇಡ ಎಂದು ಹೇಳಲಿಲ್ಲ. ಕೆಲಸ ಬಿಡಬೇಡ, ಜನವರಿಯಿಂದ ಮಾರ್ಚ್‌ವರೆಗೆ ಆದಷ್ಟು ಶನಿವಾರ ಊರಿಗೆ ಬಂದು ಸಂಜೆಯ ತೂಕದ ಹೊತ್ತಿಗೆ ಅಪ್ಪನ ಪಕ್ಕ ನಿಲ್ಲು, ಆ್ಯಪ್ ಮುಟ್ಟಬೇಡ, ನೋಡಿದ್ದನ್ನು ಮಾತ್ರ ಬರೆದುಕೋ ಎಂದೆ. ಆಮೇಲೆಯೂ ಇದೇ ಬೇಕೆನಿಸಿದರೆ ಅರ್ಜಿ ಹಾಕು. ಅರ್ಜಿಯ ಜೊತೆಯ ಬರಹದಲ್ಲಿ ಆ ಒಂಬತ್ತು ದಿನವನ್ನು ಮುಚ್ಚಿಡದೆ ಬರೆ. ಕರ್ನಾಟಕದಲ್ಲೇ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಸಿಎ (ಕಂಪ್ಯೂಟರ್ ಅನ್ವಯಗಳ ಸ್ನಾತಕೋತ್ತರ ಪದವಿ) ಮಾಡಬಹುದು, ಅದು ಈಗ ಎರಡೇ ವರ್ಷ. ಮಾಹಿತಿ ವ್ಯವಸ್ಥೆಯನ್ನು ವಿಶೇಷ ವಿಷಯವಾಗಿ ಕಲಿಸುವ ಎಂಬಿಎಗಳೂ ಇವೆ. ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳು: ನಿಮ್ಮ ವಿದ್ಯಾರ್ಥಿಗಳು ನಿಜವಾದ ಒಂದು ಕಚೇರಿಗೋ ಕಾರ್ಖಾನೆಗೋ ಹೋಗಿ, ಅಲ್ಲಿನವರ ಜೊತೆ ಕುಳಿತು ಕೆಲಸ ಮಾಡುತ್ತಾರೆಯೇ?

ಗಡುವು ದಾಟಿತು. ಅವಳು ಹಣ ಕಟ್ಟಲಿಲ್ಲ. ನಿದ್ದೆ ಸರಿಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ಎರಡು ಸಲ ನನ್ನ ಮೇಲೆ ಸಿಟ್ಟು ಮಾಡಿಕೊಂಡಳು, ಗೆಳತಿಯರ ವಿಮಾನ ನಿಲ್ದಾಣದ ಫೋಟೋಗಳನ್ನು ನನಗೇ ಕಳುಹಿಸಿದಳು. ನಾನು ತಪ್ಪು ಮಾಡಿದೆನೇ ಎಂದು ಆ ರಾತ್ರಿಗಳಲ್ಲಿ ನನಗೂ ನಿದ್ದೆ ಬರಲಿಲ್ಲ.

ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಮರುದಿನ ತಂದೆ ಒಬ್ಬರೇ ಬಂದರು. ಬ್ಯಾಂಕಿನ ಕೆಲಸಕ್ಕೆ ಮಡಿಕೇರಿಗೆ ಬಂದಿದ್ದರಂತೆ. ಈ ಸಲವೂ ಕುರ್ಚಿಯ ಅಂಚಿನಲ್ಲೇ ಕುಳಿತರು. ಮಗಳು ಎಂಟು ಶನಿವಾರ ಬಂದಳು, ಪುಸ್ತಕದ ಅರ್ಧ ತುಂಬಿಸಿದ್ದಾಳೆ ಎಂದರು. ಕೊನೆಯ ಎರಡು ವಾರ ಅವಳು ಒಂದು ಹಳೆಯ ಟ್ಯಾಬ್ಲೆಟ್ ತಂದು, ಚೀಲಗಳ ಮೇಲೆ ಕೊಯ್ದವರ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಳಂತೆ. ತೂಕದ ಅಂಕಿ ಅದರಲ್ಲಿ ದೊಡ್ಡದಾಗಿ ಬರುತ್ತಿತ್ತು. ಅಪ್ಪ ಎಂದಿನಂತೆ ಪುಸ್ತಕದಲ್ಲಿ ಬರೆಯುತ್ತಿದ್ದರು.

ಅವಳು ಮುಂದೇನು ಓದುತ್ತಾಳೋ ಇನ್ನೂ ತೀರ್ಮಾನವಾಗಿಲ್ಲ. ಅವರು ಬಂದದ್ದು ಬೇರೆ ಮಾತು ಕೇಳಲು. ಏಳುವ ಮುನ್ನ ಕೇಳಿದರು: “ಅವತ್ತು ನಾನು ಆ ತೂಕದ ವಿಷಯ ಮಾತನಾಡದೇ ಇದ್ದಿದ್ದರೆ ಅವಳು ಹೋಗಿರುತ್ತಿದ್ದಳೇನೋ ಅಲ್ಲವೇ ಮೇಡಂ?”

ಹೌದು, ಬಹುಶಃ ಹೋಗಿರುತ್ತಿದ್ದಳು ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವರು ಸ್ವಲ್ಪ ಹೊತ್ತು ತಲೆ ಆಡಿಸಿದರು. ನಂತರ ಜೇಬಿನಿಂದ ಮೊಬೈಲ್ ತೆಗೆದು, ಟ್ಯಾಬ್ಲೆಟ್ ಸುತ್ತ ಜನ ನಿಂತ ಒಂದು ಫೋಟೋ ತೋರಿಸಿದರು. ಮುಂದಿನ ಸಾಲಿನಲ್ಲಿ, ಹಿಂದೊಮ್ಮೆ ತಮ್ಮ ಬೆನ್ನ ಹಿಂದೆ ಬಂದು ನಿಂತಿದ್ದವನು ಯಾರೆಂದು ಬೆರಳಿಟ್ಟು ಹೇಳಿದರು.