ಕಂಪೈಲ್ ಆದದ್ದು ಲಿಂಕ್ ಆಗುವುದಿಲ್ಲವೇಕೆ?

ಪ್ರಶ್ನೆ: ಒಂದೇ ಫೈಲಿನಲ್ಲಿದ್ದ ನನ್ನ ಸಿ ಪ್ರೋಗ್ರಾಮನ್ನು ಮೇನ್.ಸಿ, ಲೆಕ್ಕ.ಸಿ, ಲೆಕ್ಕ.ಎಚ್ ಎಂದು ಮೂರಾಗಿ ಒಡೆದಿದ್ದೇನೆ. ಹೆಡರನ್ನು ಇನ್‌ಕ್ಲೂಡ್ ಮಾಡಿದ್ದರೂ, ಮೇನ್.ಸಿಯನ್ನು ಜಿಸಿಸಿ ಕಂಪೈಲರಿಗೆ ಕೊಟ್ಟಾಗ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಸರಾಸರಿ’ ಎಂಬ ದೋಷ ಬರುತ್ತದೆ. ಸರಾಸರಿ ಫಂಕ್ಷನ್ ಲೆಕ್ಕ.ಸಿಯಲ್ಲಿ ಸರಿಯಾಗಿಯೇ ಇದೆ. ಎರಡು ದಿನದಿಂದ ಕೋಡನ್ನು ಸಾಲುಸಾಲಾಗಿ ಓದಿದರೂ ತಪ್ಪು ಕಾಣುತ್ತಿಲ್ಲ.

ಉತ್ತರ: ತಪ್ಪು ಕೋಡಿನ ಯಾವ ಸಾಲಿನಲ್ಲೂ ಇಲ್ಲದಿರುವುದರಿಂದಲೇ ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಸಂದೇಶದ ಕೊನೆಯ ಸಾಲಿನಲ್ಲಿ ‘ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’ ಎಂದಿರುವುದನ್ನು ಗಮನಿಸಿ. ಎಲ್‌ಡಿ ಎಂಬುದು ಲಿಂಕರಿನ, ಅಂದರೆ ಕಂಪೈಲ್ ಆದ ತುಣುಕುಗಳನ್ನು ಒಂದೇ ಪ್ರೋಗ್ರಾಮಾಗಿ ಜೋಡಿಸುವ ಸಾಧನದ ಹೆಸರು. ಕಂಪೈಲರ್ ತನ್ನ ಕೆಲಸವನ್ನು ತಕರಾರಿಲ್ಲದೆ ಮುಗಿಸಿದೆ, ತೊಡಕು ಎದುರಾಗಿರುವುದು ಅದರ ನಂತರದ ಹಂತದಲ್ಲಿ.

ಕಂಪೈಲರ್ ಒಂದು ಬಾರಿಗೆ ಒಂದೇ ಸಿ ಫೈಲನ್ನು, ಅದು ಇನ್‌ಕ್ಲೂಡ್ ಮಾಡಿಕೊಂಡ ಹೆಡರುಗಳ ಸಮೇತ ಓದಿ, ಒಂದು ಆಬ್ಜೆಕ್ಟ್ ಫೈಲನ್ನು, ಅಂದರೆ ಇನ್ನೂ ಜೋಡಣೆಯಾಗದ ಯಂತ್ರಭಾಷೆಯ ತುಣುಕನ್ನು ತಯಾರಿಸುತ್ತದೆ. ಪಕ್ಕದ ಫೈಲಿನಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯದು. ಹೆಡರಿನಲ್ಲಿರುವ ಡಿಕ್ಲರೇಷನ್, ಈ ಹೆಸರಿನ ಫಂಕ್ಷನ್ ಎಲ್ಲೋ ಒಂದು ಕಡೆ ಇದೆ ಎಂದು ನೀವು ಕೊಟ್ಟ ಮಾತು. ಕಂಪೈಲರ್ ಆ ಮಾತನ್ನು ನಂಬಿ, ಫಂಕ್ಷನ್ನಿನ ವಿಳಾಸ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು ಮುಂದೆ ಸಾಗುತ್ತದೆ. ಖಾಲಿ ಬಿಟ್ಟ ಜಾಗಗಳನ್ನೆಲ್ಲ ತುಂಬುವ ಹೊಣೆ ಲಿಂಕರಿನದು. ನೀವು ಅದರ ಕೈಗೆ ಮೇನ್.ಸಿಯಿಂದ ಬಂದ ಆಬ್ಜೆಕ್ಟನ್ನು ಮಾತ್ರ ಕೊಟ್ಟಿದ್ದೀರಿ. ಸರಾಸರಿಯ ಡೆಫಿನಿಷನ್, ಅಂದರೆ ಅದರ ನಿಜವಾದ ಕೋಡು ಅಲ್ಲಿಲ್ಲ. ಲೆಕ್ಕ.ಎಚ್ ಸೇರಿಸಿದರೆ ಲೆಕ್ಕ.ಸಿ ತಾನಾಗಿಯೇ ಹಿಂದೆ ಬರುತ್ತದೆ ಎಂದು ಕಲಿಯುವವರಲ್ಲಿ ಹಲವರು ಭಾವಿಸುತ್ತಾರೆ. ಎರಡರ ಹೆಸರಿನಲ್ಲಿರುವ ಹೋಲಿಕೆ ನಮ್ಮ ಅನುಕೂಲಕ್ಕೆ ಇರುವಂಥದ್ದು, ಲಿಂಕರಿಗೆ ಅದು ಯಾವ ಸಂಬಂಧವನ್ನೂ ಸೂಚಿಸುವುದಿಲ್ಲ.

ಆದ್ದರಿಂದ ಮೇನ್.ಸಿ ಮತ್ತು ಲೆಕ್ಕ.ಸಿ ಎರಡನ್ನೂ ಒಂದೇ ಆಜ್ಞೆಯಲ್ಲಿ ಜಿಸಿಸಿಗೆ ಕೊಡಿ. ಎಡಿಟರಿನ ಗುಂಡಿಯೊತ್ತಿ ಕಂಪೈಲ್ ಮಾಡುವವರು, ಆ ಗುಂಡಿ ತೆರೆದಿರುವ ಒಂದೇ ಫೈಲನ್ನು ಕಂಪೈಲ್ ಮಾಡುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಲೆಕ್ಕ.ಸಿಯನ್ನೇ ಮೇನ್.ಸಿಯಲ್ಲಿ ಇನ್‌ಕ್ಲೂಡ್ ಮಾಡಿ ಪಾರಾಗುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಮುಂದೆ ಎರಡೂ ಫೈಲುಗಳನ್ನು ಒಟ್ಟಿಗೆ ಕೊಟ್ಟ ದಿನ ಅದೇ ಫಂಕ್ಷನ್ ಎರಡು ಬಾರಿ ಬಂದು ಬೇರೊಂದು ದೋಷ ಎದುರಾಗುತ್ತದೆ.

ಎರಡನ್ನೂ ಕೊಟ್ಟ ಮೇಲೂ ದೋಷ ಉಳಿದರೆ ಊಹೆ ಮಾಡುತ್ತ ಕೂರಬೇಡಿ, ಆಬ್ಜೆಕ್ಟ್ ಫೈಲನ್ನೇ ಕೇಳಿ. ಸಣ್ಣ ಗೆರೆಯ ನಂತರ ಸಿ ಎಂಬ ಆಯ್ಕೆಯನ್ನು ಕೊಟ್ಟರೆ ಜಿಸಿಸಿ ಲಿಂಕ್ ಮಾಡದೆ ಆಬ್ಜೆಕ್ಟ್ ಫೈಲುಗಳನ್ನಷ್ಟೇ ಬರೆದಿಡುತ್ತದೆ. ಎನ್ಎಂ ಎಂಬ ಪುಟ್ಟ ಸಾಧನ ಆ ಫೈಲಿನಲ್ಲಿರುವ ಹೆಸರುಗಳನ್ನು ಒಂದೊಂದು ಅಕ್ಷರದ ಗುರುತಿನೊಡನೆ ತೋರಿಸುತ್ತದೆ. ಮೇನ್ ಆಬ್ಜೆಕ್ಟಿನಲ್ಲಿ ಸರಾಸರಿಯ ಮುಂದೆ ಯು ಎಂದಿದ್ದರೆ ಅದು ಬೇಕಾಗಿದೆ, ಇನ್ನೂ ಸಿಕ್ಕಿಲ್ಲ ಎಂದರ್ಥ. ಲೆಕ್ಕ ಆಬ್ಜೆಕ್ಟಿನಲ್ಲಿ ಅದೇ ಹೆಸರಿನ ಮುಂದೆ ದೊಡ್ಡಕ್ಷರದ ಟಿ ಇರಬೇಕು, ಅಂದರೆ ಫಂಕ್ಷನ್ ಇಲ್ಲಿದೆ, ಹೊರಗಿನವರು ಕರೆಯಬಹುದು. ಟಿ ಸಣ್ಣಕ್ಷರದಲ್ಲಿದ್ದರೆ, ಅಥವಾ ಹೆಸರೇ ಕಾಣದಿದ್ದರೆ, ಫಂಕ್ಷನ್ನಿನ ಹಿಂದೆ ಸ್ಟ್ಯಾಟಿಕ್ ಎಂಬ ಪದ ಸೇರಿಕೊಂಡಿದೆಯೇ ಎಂದು ನೋಡಿ. ಆ ಪದ ಫಂಕ್ಷನ್ನನ್ನು ಆ ಫೈಲಿನೊಳಗೇ ಕಟ್ಟಿಹಾಕುತ್ತದೆ. ಒಂದು ಅಕ್ಷರದ ಕಾಗುಣಿತ ವ್ಯತ್ಯಾಸವೂ ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಕೂಡಲೇ ಗೋಚರಿಸುತ್ತದೆ.

ದೋಷಸಂದೇಶದಲ್ಲಿ ಸರಾಸರಿಯ ಮುಂದೆ ಆವರಣ ಚಿಹ್ನೆಯೊಳಗೆ ‘ಇಂಟ್, ಇಂಟ್’ ಎಂದು ಆರ್ಗ್ಯುಮೆಂಟುಗಳ (ಫಂಕ್ಷನ್ನಿಗೆ ಕೊಡುವ ಮೌಲ್ಯಗಳ) ವಿಧವೂ ಕಾಣಿಸಿದರೆ ಅದು ಅಮೂಲ್ಯ ಸುಳಿವು. ಕರೆಯುತ್ತಿರುವ ಫೈಲು ಸಿ++ ಆಗಿ ಕಂಪೈಲ್ ಆಗಿದೆ. ಒಂದೇ ಹೆಸರಿನ ಹಲವು ಫಂಕ್ಷನ್ನುಗಳಿಗೆ ಅವಕಾಶವಿರುವ ಆ ಭಾಷೆಯಲ್ಲಿ ಕಂಪೈಲರ್ ಹೆಸರಿಗೆ ಆರ್ಗ್ಯುಮೆಂಟುಗಳ ವಿಧವನ್ನೂ ಹೆಣೆಯುತ್ತದೆ. ಜಿಸಿಸಿಯಲ್ಲಿ ಅದು ಅಂಡರ್‌ಸ್ಕೋರ್, ಝಡ್, ಇಂಗ್ಲಿಷ್ ಲಿಪಿಯಲ್ಲಿ ಬರೆದ ಹೆಸರಿನ ಅಕ್ಷರಗಳ ಎಣಿಕೆಯಾದ 8, ಆಮೇಲೆ ಹೆಸರು, ಕೊನೆಗೆ ಎರಡು ಇಂಟ್‌ಗಳಿಗಾಗಿ ಎರಡು ಐ ಎಂಬ ರೂಪ ತಾಳುತ್ತದೆ. ಸಿ ಕಂಪೈಲರ್ ಬರೆದದ್ದು ಬರಿಯ ಸರಾಸರಿ; ಎರಡೂ ಹೊಂದುವುದಿಲ್ಲ. ಹೆಡರಿನ ಡಿಕ್ಲರೇಷನ್ನುಗಳನ್ನು ಸಿ++ಗೆ ಮಾತ್ರ ಅನ್ವಯಿಸುವಂತೆ ಎಕ್ಸ್‌ಟರ್ನ್ ಸಿ ಎಂಬ ಆವರಣದಲ್ಲಿ ಇಟ್ಟರೆ ಹೆಸರುಗಳು ಕೂಡಿಬರುತ್ತವೆ.

ಪ್ರಶ್ನೆ: ಹೆಡರಿನಲ್ಲಿ ‘ಇಂಟ್ ಒಟ್ಟು’ ಎಂಬ ಗ್ಲೋಬಲ್ ವೇರಿಯೇಬಲ್ ಇಟ್ಟಿದ್ದೇನೆ. ಹಳೆಯ ಕಂಪ್ಯೂಟರಿನಲ್ಲಿ ಲಿಂಕ್ ಆಗುತ್ತಿದ್ದ ಈ ಸಿ ಪ್ರೋಗ್ರಾಂ ಹೊಸದರಲ್ಲಿ ‘ಮಲ್ಟಿಪಲ್ ಡೆಫಿನಿಷನ್’ ಎನ್ನುತ್ತಿದೆ. ಇನ್‌ಕ್ಲೂಡ್ ಗಾರ್ಡ್ ಹಾಕಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಗಾರ್ಡ್ ಒಂದೇ ಸಿ ಫೈಲಿನೊಳಗೆ ಹೆಡರ್ ಎರಡು ಬಾರಿ ಬರುವುದನ್ನು ತಡೆಯುತ್ತದೆಯೇ ಹೊರತು, ಎರಡು ಸಿ ಫೈಲುಗಳು ಅದನ್ನು ಒಂದೊಂದು ಬಾರಿ ಸೇರಿಸಿಕೊಳ್ಳುವುದನ್ನು ತಡೆಯಲಾರದು. ಹೀಗಾಗಿ ಒಟ್ಟು ಎಂಬ ವೇರಿಯೇಬಲ್ ಪ್ರತಿ ಆಬ್ಜೆಕ್ಟಿನಲ್ಲೂ ಹುಟ್ಟುತ್ತದೆ. ಆರಂಭಿಕ ಮೌಲ್ಯವಿಲ್ಲದ ಇಂಥ ವೇರಿಯೇಬಲ್‌ಗಳನ್ನು ಹಳೆಯ ಜಿಸಿಸಿ ‘ಕಾಮನ್’ ಎಂದು ಗುರುತಿಸುತ್ತಿದ್ದುದರಿಂದ ಲಿಂಕರ್ ಅವನ್ನು ಒಂದಾಗಿ ಬೆಸೆಯುತ್ತಿತ್ತು. 2020ರಲ್ಲಿ ಬಂದ 10ನೆಯ ಆವೃತ್ತಿಯಿಂದ ಆ ಸಡಿಲಿಕೆ ತಾನಾಗಿ ಸಿಗುವುದಿಲ್ಲ. ಎಫ್‌ಕಾಮನ್ ಎಂಬ ಆಯ್ಕೆಯಿಂದ ಹಳೆಯ ವರ್ತನೆಯನ್ನು ಮರಳಿ ತರಬಹುದಾದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ಎರಡು ಫೈಲುಗಳು ಅರಿವಿಲ್ಲದೆ ಒಂದೇ ಹೆಸರನ್ನು ಬಳಸಿದಾಗಲೂ ಲಿಂಕರ್ ಸುಮ್ಮನಿದ್ದುಬಿಡುತ್ತದೆ. ಹೆಡರಿನಲ್ಲಿ, ವೇರಿಯೇಬಲ್ ಬೇರೆಡೆ ಇದೆ ಎಂದು ಹೇಳುವ ಎಕ್ಸ್‌ಟರ್ನ್ ಪದವನ್ನು ಸೇರಿಸಿ, ನಿಜವಾದ ಡೆಫಿನಿಷನ್ನನ್ನು ಯಾವುದಾದರೂ ಒಂದೇ ಸಿ ಫೈಲಿನಲ್ಲಿ ಬರೆಯಿರಿ. ಸ್ಟ್ಯಾಟಿಕ್ ಎಂದು ಬರೆದರೂ ದೋಷ ಮಾಯವಾಗುತ್ತದೆ. ಆದರೆ ಆಗ ಪ್ರತಿ ಫೈಲಿಗೂ ಬೇರೆಬೇರೆ ಒಟ್ಟು ಇದ್ದು, ಒಂದರಲ್ಲಿ ಕೂಡಿದ ಮೊತ್ತ ಇನ್ನೊಂದರಲ್ಲಿ ಸೊನ್ನೆಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಲಿನಕ್ಸ್‌ನಲ್ಲಿ ಸ್ಕ್ವೇರ್ ರೂಟ್ ಫಂಕ್ಷನ್ನಿಗೆ 2.0 ಕೊಟ್ಟರೆ ಲಿಂಕ್ ಆಗುತ್ತದೆ, ವೇರಿಯೇಬಲ್ ಕೊಟ್ಟರೆ ಆಗುವುದಿಲ್ಲ. ಏಕೆ?

ಉತ್ತರ: ಮೊದಲನೆಯದರಲ್ಲಿ ಕಂಪೈಲರ್ ತಾನೇ ಉತ್ತರ ಲೆಕ್ಕ ಹಾಕಿ ಸಂಖ್ಯೆಯನ್ನು ಬರೆದುಬಿಟ್ಟಿದೆ, ಫಂಕ್ಷನ್ ಕರೆ ಉಳಿದೇ ಇಲ್ಲ. ಎರಡನೆಯದಕ್ಕೆ ಗಣಿತದ ಲೈಬ್ರರಿ ಬೇಕು. ಆಜ್ಞೆಯಲ್ಲಿ, ಸಣ್ಣ ಗೆರೆಯ ನಂತರ ಬರೆಯುವ ಎಲ್‌ಎಂ ಆಯ್ಕೆಯನ್ನು ಫೈಲುಗಳ ಹೆಸರಿನ ನಂತರ ಸೇರಿಸಿ. ಲಿಂಕರ್ ಎಡದಿಂದ ಬಲಕ್ಕೆ ಸಾಗುತ್ತ, ಅಲ್ಲಿಯವರೆಗೆ ಬೇಕಾಗಿರುವ ಹೆಸರುಗಳನ್ನು ಮಾತ್ರ ಲೈಬ್ರರಿಯಲ್ಲಿ ಹುಡುಕುವುದರಿಂದ, ಅದನ್ನು ಮೊದಲೇ ಬರೆದರೆ ಹಲವು ವ್ಯವಸ್ಥೆಗಳಲ್ಲಿ ಅದೇ ದೋಷ ಮತ್ತೆ ಬರುತ್ತದೆ.