ಏಳು ಜನಕ್ಕೆ ಫಾರ್ಚುನರ್ ಸರಿಹೋಗುತ್ತಾ?

ಪ್ರಶ್ನೆ: ಅಪ್ಪ-ಅಮ್ಮ, ಮಕ್ಕಳು ಸೇರಿ ಮನೆಯಲ್ಲಿ ಏಳು ಜನ. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆ. ಟೊಯೋಟಾ ಫಾರ್ಚುನರ್ ತಗೊಳ್ಳಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಗಾಡಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ತಯಾರಾಗುವುದೂ ನಮ್ಮ ಬಿಡದಿಯಲ್ಲೇ. ಇದರ 2.8 ಲೀಟರ್ ಡೀಸೆಲ್ ಎಂಜಿನ್ 204 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ ಕೊಡುತ್ತದೆ, ಆಟೊಮ್ಯಾಟಿಕ್‌ನಲ್ಲಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 500 ಎನ್‌ಎಂ (ನ್ಯೂಟನ್ ಮೀಟರ್), ಹಾಗಾಗಿ ಏಳು ಜನ ಕೂತು ಘಾಟಿ ಹತ್ತಿದರೂ ಏದುಸಿರು ಬಿಡುವುದಿಲ್ಲ. ಪೆಟ್ರೋಲ್ ಬೇಡ, ಅದರ ಟಾರ್ಕ್ ಬರೀ 245.

ಆದರೆ ಕೂರುವ ವಿಷಯ ಬೇರೆ. ಇದು ಲಾರಿ ಥರ ಚಾಸಿ (ಉಕ್ಕಿನ ಚೌಕಟ್ಟು) ಮೇಲೆ ಬಾಡಿ ಕೂರಿಸಿದ ಗಾಡಿ. ಹಾಳು ರಸ್ತೆಗೆ ಒಳ್ಳೆಯದೇ, ಆದರೆ ಆಗುಂಬೆಯ 14 ತಿರುವುಗಳಲ್ಲಿ ಮೈ ಓಲಾಡುತ್ತದೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ಮೂರನೇ ಸಾಲಿನಲ್ಲಿ ಮಂಡಿ ಮೇಲೆತ್ತಿ ಕೂರಬೇಕು, ಅಲ್ಲಿ ಮಕ್ಕಳೇ ಸರಿ. ನಿಮ್ಮ ಅಮ್ಮನವರಿಗೆ ಗಾಡಿ ಹತ್ತೋದೇ ಕಷ್ಟ, ಅಲ್ವಾ? ಏಳೂ ಜನ ಕೂತರೆ ಹಿಂದೆ ಲಗೇಜಿಗೂ ಜಾಗ ಜಾಸ್ತಿ ಉಳಿಯುವುದಿಲ್ಲ.

ಮನೆಯವರ ಆರಾಮವೇ ಮುಖ್ಯವಾದರೆ, ನಾನಾದರೆ ಅದೇ ಬಿಡದಿಯ ಇನ್ನೋವಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ ಮೋಟರೂ ಇರುವ ಗಾಡಿ) ನೋಡಿ ಎನ್ನುತ್ತೇನೆ. ತೋಟದ ಕೆಸರಲ್ಲಿ ದಿನಾ ಓಡಾಟ ಇದ್ದರೆ ಮಾತ್ರ ಫೋರ್ ವೀಲ್ ಡ್ರೈವ್ ಫಾರ್ಚುನರ್. ಟೆಸ್ಟ್ ಡ್ರೈವ್‌ಗೆ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಿ.